ಓದುಗರ ಪ್ರಶ್ನೆ: ಎರಡು ಕಪ್ಪು ಸಮುದ್ರ ಸೌತೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಪತ್ರ ಸಮುದ್ರ ಸೌತೆ ಅನ್ನುವ, ಕಡಲ ತಳದಲ್ಲಿ ತೆವಳುವ ಮೆತ್ತನೆಯ ಪ್ರಾಣಿಯ ಬಗ್ಗೆಯೇ ಇವೆ. ಶಿವಮೊಗ್ಗದ ಓದುಗರ ಪತ್ರ ಎಲ್ಲಕ್ಕಿಂತ ಉದ್ದ, ಜೊತೆಗೆ ಎರಡು ಫೋಟೋಗಳನ್ನೂ ಇಟ್ಟಿದ್ದಾರೆ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಪಾಠ ಮಾಡುತ್ತಿದ್ದ ದಿನಗಳಿಂದಲೂ ನನಗೆ ಈ ಪ್ರಾಣಿಯ ಮೇಲೆ ಪ್ರೀತಿ ಜಾಸ್ತಿ. ಹಾಗಾಗಿ ಈ ಸಲದ ಪುಟಗಳೆಲ್ಲ ಇದಕ್ಕೇ.

ಪ್ರಶ್ನೆ: ನಮಸ್ಕಾರ ಮೇಡಂ. ಜನವರಿಯಲ್ಲಿ ಅಂಡಮಾನಿನ ಶಹೀದ್ ದ್ವೀಪಕ್ಕೆ ಹೋಗಿದ್ದೆವು. ಇಳಿತದ ಹೊತ್ತು ಮೊಣಕಾಲುದ್ದ ನೀರಿನಲ್ಲಿ ನಡೆಯುವಾಗ ಕಪ್ಪು ಸಮುದ್ರ ಸೌತೆಗಳು ಕಂಡವು. ಒಂದಕ್ಕೆ ಮೈತುಂಬ ಮರಳು ಮೆತ್ತಿತ್ತು. ಇನ್ನೊಂದು ಉದ್ದಕ್ಕಿತ್ತು, ಬರಿಮೈ, ಕಲ್ಲಿನ ಸಂದಿಯಿಂದ ಅರ್ಧ ಹೊರಗೆ ಚಾಚಿಕೊಂಡಿತ್ತು. ನಮ್ಮ ಗುಂಪಿನವರೊಬ್ಬರು ಮೊದಲನೆಯದನ್ನು ಎತ್ತಿ ಉಜ್ಜಿದಾಗ ಅವರ ಬೆರಳಿಗೆ ಕೆಂಪು ಬಣ್ಣ ಹತ್ತಿತು. ಎರಡನೆಯದನ್ನು ಕೋಲಿನಿಂದ ತಿವಿದಾಗ ಬಿಳಿ ದಾರದಂಥದ್ದು ಹೊರಗೆ ಬಂತು. ನಮ್ಮ ಯಜಮಾನರು ಎರಡೂ ಒಂದೇ, ಒಂದಕ್ಕೆ ಮರಳು ಹತ್ತಿದೆ ಅಷ್ಟೇ ಅಂದರು. ನನಗೆ ಹಾಗೆ ಅನಿಸಲಿಲ್ಲ. ವಿಜ್ಞಾನಿಗಳು ಇವನ್ನು ಹೇಗೆ ಬೇರೆ ಮಾಡುತ್ತಾರೆ? — ಶಿವಮೊಗ್ಗದ ಓದುಗರು

ಉತ್ತರ: ನಿಮಗೆ ಅನಿಸಿದ್ದು ಸರಿ. ಅವು ಎರಡು ಬೇರೆ ಬೇರೆ ಪ್ರಭೇದ. ಮರಳು ಮೆತ್ತಿಕೊಂಡಿದ್ದು ಹೊಲೊಥೂರಿಯಾ ಅಟ್ರಾ. ಕಲ್ಲಿನ ಸಂದಿಯದ್ದು ಹೊಲೊಥೂರಿಯಾ ಲ್ಯೂಕೋಸ್ಪೈಲೋಟಾ. ಭಾರತದ ಆಳವಿಲ್ಲದ ಕಡಲಿನಲ್ಲಿ, ಅದರಲ್ಲೂ ಹವಳದ ದಿಬ್ಬಗಳ ಹತ್ತಿರ, ಎರಡೂ ಸಾಮಾನ್ಯ. ಹೊಸಬರು ಒಂದನ್ನು ಇನ್ನೊಂದು ಅಂದುಕೊಳ್ಳುವುದೂ ಸಾಮಾನ್ಯ.

ಮೊದಲು ಒಂದು ಮಾತು. ಉಜ್ಜಿದ್ದು, ತಿವಿದಿದ್ದು ಎರಡೂ ನನಗೆ ಸಂಕಟ ಕೊಟ್ಟಿತು. ನೀವು ಮಾಡಿದ್ದಲ್ಲ ಅಂತ ಗೊತ್ತು. ಆದರೂ ಜೊತೆಗೆ ಹೋದವರಿಗೆ ಮುಂದಿನ ಸಲ ದಯವಿಟ್ಟು ಹೇಳಿ. ಆ ಬಿಳಿ ದಾರಗಳಿಗೆ ಕ್ಯುವಿಯರ್ ನಾಳಗಳು ಅಂತ ಹೆಸರು. ಪ್ರಾಣಿ ತನ್ನ ಹಿಂಬದಿಯ ತೂತಿನಿಂದ ಅವನ್ನು ಹೊರಗೆ ಎಸೆಯುತ್ತದೆ. ಒತ್ತು ಶ್ಯಾವಿಗೆಯ ಎಳೆಗಳ ಹಾಗೆ ಕಾಣುತ್ತವೆ, ಮುಟ್ಟಿದರೆ ಅಂಟಿಕೊಳ್ಳುತ್ತವೆ. ತಿನ್ನಲು ಬಂದ ಏಡಿ, ಮೀನು ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಎಸೆದ ಮೇಲೆ ಮತ್ತೆ ಬೆಳೆಸಿಕೊಳ್ಳಲು ಅದಕ್ಕೆ ವಾರಗಳೇ ಬೇಕು. ಅಷ್ಟು ದಿನ ಆ ಪ್ರಾಣಿಗೆ ರಕ್ಷಣೆ ಕಡಿಮೆ.

ಈಗ ಅದು ಆಗಿಹೋಗಿದೆ, ನೀವು ನೋಡಿ ನೆನಪಿಟ್ಟುಕೊಂಡಿದ್ದೀರಿ. ಗುರುತು ಹಿಡಿಯಲು ಅದೇ ನೆರವಾಯಿತು. ಅಟ್ರಾಗೆ ಕ್ಯುವಿಯರ್ ನಾಳಗಳು ಇಲ್ಲವೇ ಇಲ್ಲ. ಆದರೆ ಅದರ ಚರ್ಮ ಉಜ್ಜಿದರೆ ಕೆಂಪು ಬಣ್ಣ ಬಿಡುತ್ತದೆ. ಲ್ಯೂಕೋಸ್ಪೈಲೋಟಾ ಬಿಳಿ ಎಳೆ ಎಸೆಯುತ್ತದೆ. ಇಷ್ಟೇ ಇದ್ದಿದ್ದರೂ ನಾನು ಎರಡು ಪ್ರಭೇದ ಅನ್ನುತ್ತಿದ್ದೆ.

ನಿಮ್ಮ ಫೋಟೋದಲ್ಲಿ ಇನ್ನೂ ಇದೆ. ಮೊದಲನೆಯದರ ಬೆನ್ನು ನೋಡಿ. ಅತ್ತಿರಸಕ್ಕೆ ಗಸಗಸೆ ಮೆತ್ತಿದ ಹಾಗೆ ಮರಳು ಕೂತಿದೆ. ನಡುವೆ ಎರಡು ಸಾಲಿನಲ್ಲಿ, ಜೋಡಿ ಜೋಡಿಯಾಗಿ, ಮರಳಿಲ್ಲದ ದುಂಡು ಜಾಗಗಳಿವೆ. ಅಲ್ಲಿ ಕಪ್ಪು ಚರ್ಮ ಕಾಣುತ್ತದೆ. ಇದು ಅಟ್ರಾದ ಗುರುತು. ಅದು ಹಗಲಿನಲ್ಲೇ ಬಯಲು ಮರಳಿನ ಮೇಲೆ ಮಲಗಿರುತ್ತದೆ, ಅಡಗುವುದು ಕಡಿಮೆ. ಲ್ಯೂಕೋಸ್ಪೈಲೋಟಾ ಹಾಗಲ್ಲ. ಹಿಂಬದಿಯನ್ನು ಕಲ್ಲಿನಡಿ ಗಟ್ಟಿಯಾಗಿ ಇಟ್ಟುಕೊಂಡು, ಮುಂಬದಿಯನ್ನು ಮಾತ್ರ ಹೊರಗೆ ಚಾಚಿ ಮರಳನ್ನು ಬಾಚಿ ತಿನ್ನುತ್ತದೆ. ಏನಾದರೂ ತಾಗಿದರೆ ಮೆಲ್ಲಗೆ ಒಳಗೆ ಎಳೆದುಕೊಳ್ಳುತ್ತದೆ. ಮೈ ಮೆತ್ತಗೆ, ಅಲ್ಲಲ್ಲಿ ಮೊನಚು ಗುಳ್ಳೆಗಳು.

ಇದಿಷ್ಟು ಕಣ್ಣಿಗೆ ಕಾಣುವ ಮಾತು. ಆದರೆ ವರ್ಗೀಕರಣ ಮಾಡುವವರು ಇಷ್ಟಕ್ಕೇ ನಿಲ್ಲುವುದಿಲ್ಲ. ನಿಲ್ಲಲೂಬಾರದು. ಯಾಕೆ ಅಂದರೆ ಸಮುದ್ರ ಸೌತೆಯ ಮೈ ನಂಬಿಕೆಗೆ ಅರ್ಹವಲ್ಲ. ಬಣ್ಣ ಒಂದೊಂದು ಜಾಗದಲ್ಲಿ ಒಂದೊಂದು ಥರ. ಉದ್ದವಂತೂ ಕೇಳಲೇಬೇಡಿ. 1990ರಲ್ಲಿ ಎಂ.ಎಸ್ಸಿ. ಮಾಡುವಾಗ ನಾನು ತಮಿಳುನಾಡಿನ ಮಂಡಪಂನಲ್ಲಿ ಎರಡು ತಿಂಗಳು ಇದ್ದೆ. ತೊಟ್ಟಿಯಲ್ಲಿದ್ದ ಒಂದೇ ಪ್ರಾಣಿಯನ್ನು ಒಂದೇ ದಿನ ಮೂರು ಸಲ ಅಳೆದೆ. ಬೆಳಿಗ್ಗೆ 24 ಸೆಂಟಿಮೀಟರ್, ಮಧ್ಯಾಹ್ನ 17, ಸಂಜೆ 21. ಅದರ ಚರ್ಮದ ನಾರು ಬೇಕೆಂದಾಗ ಸಡಿಲವಾಗುತ್ತದೆ, ಬೇಕೆಂದಾಗ ಕಲ್ಲಿನಂತೆ ಬಿಗಿಯಾಗುತ್ತದೆ. ಸ್ಕೇಲು ಇಟ್ಟು ಅಳೆದ ಅಂಕಿ ಅದರ ಮನಸ್ಥಿತಿಯನ್ನು ಹೇಳುತ್ತದೆಯೇ ಹೊರತು ಪ್ರಭೇದವನ್ನಲ್ಲ.

ಹಾಗಾದರೆ ನಂಬುವುದು ಯಾವುದನ್ನು? ಚರ್ಮದೊಳಗಿನ ಸುಣ್ಣದ ಕಣಗಳನ್ನು.

ಸಮುದ್ರ ಸೌತೆ ನಕ್ಷತ್ರಮೀನು, ಕಡಲ ಮುಳ್ಳುಚೆಂಡಿನ ಬಳಗದ್ದು. ಆ ಬಳಗಕ್ಕೆಲ್ಲ ಸುಣ್ಣದ ಗಟ್ಟಿ ಎಲುಬುಗಳಿರುತ್ತವೆ. ಇದರ ಮೈಯಲ್ಲಿ ಮಾತ್ರ ಆ ಎಲುಬುಗಳು ಸಣ್ಣ ಸಣ್ಣ ಚೂರಾಗಿ ಚರ್ಮದ ತುಂಬ ಹರಡಿಕೊಂಡಿವೆ. ಒಂದೊಂದು ಚೂರೂ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು, ಎಷ್ಟೋ ಸಲ ಅದಕ್ಕಿಂತ ಚಿಕ್ಕದು. ಸೂಕ್ಷ್ಮದರ್ಶಕದಲ್ಲಿ ಮೊದಲ ಸಲ ನೋಡಿದವರು ಇದನ್ನು ಯಾರೋ ಕೂತು ಕೆತ್ತಿದ್ದಾರೆ ಅನ್ನುತ್ತಾರೆ. ಕೆಲವು ಅಂಗಿಯ ಗುಂಡಿಯ ಹಾಗೆ: ಉದ್ದುರುಟು ಬಿಲ್ಲೆ, ಅದರಲ್ಲಿ ಎರಡು ಸಾಲು ತೂತು. ಇವನ್ನು ಗುಂಡಿ ಅಂತಲೇ ಕರೆಯುತ್ತಾರೆ. ಕೆಲವು ತಲೆಕೆಳಗಾಗಿ ಇಟ್ಟ ಸ್ಟೂಲಿನ ಹಾಗೆ: ಕೆಳಗೆ ತೂತುಗಳ ತಟ್ಟೆ, ಮೇಲೆ ನಾಲ್ಕು ಕಂಬ, ತುದಿಯಲ್ಲಿ ಮುಳ್ಳಿನ ಕಿರೀಟ. ಇವಕ್ಕೆ ಮೇಜು ಅಂತ ಹೆಸರು. ಇನ್ನು ಕೆಲವು ಕವಲೊಡೆದು ಹೂವಿನ ಎಸಳಿನ ಹಾಗೆ.

ಈಗ ನಿಮ್ಮ ಎರಡು ಕಪ್ಪು ಸೌತೆಗಳಿಗೆ ಬನ್ನಿ. ಅಟ್ರಾದ ಚರ್ಮದಲ್ಲಿ ಮೇಜುಗಳಿವೆ, ಎಸಳುಗಳಿವೆ, ಗುಂಡಿಗಳಿಲ್ಲ. ಲ್ಯೂಕೋಸ್ಪೈಲೋಟಾದಲ್ಲಿ ಮೇಜುಗಳಿವೆ, ಗುಂಡಿಗಳೂ ಇವೆ. ಮರಳು ತೊಳೆದುಹೋಗಲಿ, ಬಣ್ಣ ಮಾಸಲಿ, ಪ್ರಾಣಿ ಒಣಗಿ ಹುರಿಗಟ್ಟಲಿ, ಈ ವ್ಯತ್ಯಾಸ ಹೋಗುವುದಿಲ್ಲ. ಮೇಲ್ನೋಟಕ್ಕೆ ಅವಳಿಗಳಂತೆ ಕಾಣುವ ಎರಡು ಪ್ರಾಣಿಗಳು ಒಂದೇ ಕುಲದಲ್ಲಿದ್ದರೂ ಎರಡು ಬೇರೆ ಉಪಕುಲಗಳಲ್ಲಿ ಇರುವುದಕ್ಕೆ ಇಂಥ ಕಣಗಳೇ ಮುಖ್ಯ ಕಾರಣ.

ಈ ಕಣಗಳನ್ನು ನಾನೇ ಒಮ್ಮೆ ಕಳೆದುಕೊಂಡಿದ್ದೇನೆ. ಅದನ್ನು ಹೇಳಿಬಿಡುತ್ತೇನೆ, ಪ್ರಯೋಗಾಲಯದಲ್ಲಿ ಕೆಲಸ ಮಾಡುವ ಮಕ್ಕಳಿಗೆ ಉಪಯೋಗವಾಗಲಿ. ಸಮುದ್ರ ಸೌತೆ ಹಿಡಿಯುವುದಕ್ಕೆ ಆಗ ಈಗಿನ ಪೂರ್ಣ ನಿಷೇಧ ಇರಲಿಲ್ಲ. 75 ಮಿಲಿಮೀಟರಿಗಿಂತ ಚಿಕ್ಕದಕ್ಕೆ ನಿರ್ಬಂಧ ಮಾತ್ರ 1982ರಿಂದ ಇತ್ತು. ಮುಳುಗಿ ಹಿಡಿಯುವವರೊಬ್ಬರಿಂದ ಹೊಲೊಥೂರಿಯಾ ಸ್ಕೇಬ್ರಾ ಅನ್ನುವ ಇನ್ನೊಂದು ಪ್ರಭೇದದ ಮೂರು ಪ್ರಾಣಿ ತಂದು, ಪ್ರಯೋಗಾಲಯದ ಫಾರ್ಮಲಿನ್ ಬಾಟಲಿಯಲ್ಲಿ ಇಟ್ಟೆ. ಎಂಟು ತಿಂಗಳ ನಂತರ ಚರ್ಮದ ಚೂರು ತೆಗೆದು ಸ್ಲೈಡ್ ಮಾಡಿದರೆ ಏನೂ ಇಲ್ಲ. ಮೂರು ಪ್ರಾಣಿ, ಹನ್ನೆರಡು ಸ್ಲೈಡ್, ಒಂದು ಗುಂಡಿಯೂ ಇಲ್ಲ. ಫಾರ್ಮಲಿನ್ ದಿನ ಕಳೆದಂತೆ ಆಮ್ಲವಾಗುತ್ತದೆ. ಆಮ್ಲ ಸುಣ್ಣವನ್ನು ಕರಗಿಸುತ್ತದೆ. ಹೊರಗಿನಿಂದ ಪ್ರಾಣಿ ಚೆನ್ನಾಗಿಯೇ ಇತ್ತು, ಒಳಗೆ ಅದರ ಗುರುತೇ ಕರಗಿಹೋಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೂರು ಜೀವ ಸುಮ್ನೆ ಹೋಯಿತಲ್ಲ ಅನ್ನುವ ನೋವು ಈಗಲೂ ಇದೆ.

ನನ್ನನ್ನು ಕಾಪಾಡಿದ್ದು ಮಂಡಪಂನ ಒಣಗಿಸುವ ಅಂಗಳ. ಅಲ್ಲಿ ಬೇಯಿಸಿ, ಬಿಸಿಲಲ್ಲಿ ಒಣಗಿಸಿ, ಕಟ್ಟಿಗೆಯಂತಾಗಿದ್ದ ಒಂದು ತುಂಡನ್ನು ನೆನಪಿಗೆ ಅಂತ ತಂದಿಟ್ಟಿದ್ದೆ. ನಮ್ಮ ಮೇಷ್ಟ್ರು ಅದನ್ನೇ ನೀರಲ್ಲಿ ನೆನೆಹಾಕು ಅಂದರು. ಅಕ್ಕಿಕಾಳಿನಷ್ಟು ಚರ್ಮ ಕತ್ತರಿಸಿ, ಬಟ್ಟೆಗೆ ಹಾಕುವ ಬ್ಲೀಚಿನ ಎರಡು ಹನಿ ಬಿಟ್ಟೆವು. ಕೆಲವು ನಿಮಿಷದಲ್ಲಿ ಮಾಂಸವೆಲ್ಲ ಕರಗಿ, ತಳದಲ್ಲಿ ಬಿಳಿ ಹುಡಿ ಉಳಿಯಿತು. ಡಿಸ್ಟಿಲ್ಡ್ ನೀರಿನಲ್ಲಿ ನಾಲ್ಕೈದು ಸಲ ತೊಳೆದು ನೋಡಿದರೆ ಮೇಜುಗಳೂ ಗಂಟುಗಂಟಾದ ಗುಂಡಿಗಳೂ ರಾಶಿ ರಾಶಿ. ಬೇಯಿಸಿದ್ದು, ಒಣಗಿಸಿದ್ದು, ತಿಂಗಳುಗಟ್ಟಲೆ ಡಬ್ಬಿಯಲ್ಲಿ ಬಿದ್ದಿದ್ದು ಯಾವುದೂ ಅವನ್ನು ಹಾಳು ಮಾಡಿರಲಿಲ್ಲ. ಕಳ್ಳಸಾಗಣೆಯಲ್ಲಿ ಸಿಕ್ಕ ಒಣ ತುಂಡು ಯಾವ ಪ್ರಭೇದದ್ದು ಅಂತ ಪತ್ತೆ ಮಾಡಲೂ ಇದೇ ದಾರಿ. ಅಂದಿನಿಂದ ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತಾ ಬಂದಿದ್ದು ಒಂದೇ: ಸುಣ್ಣದ ಪ್ರಾಣಿಗೆ ಶೇಕಡಾ 70ರ ಆಲ್ಕೋಹಾಲ್, ಫಾರ್ಮಲಿನ್ ಬೇಡ.

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಎರಡನೇ ವರ್ಷ. ಪುಸ್ತಕದಲ್ಲಿ ಒಂದು ಕಡೆ ಹೊಲೊಥೂರಿಯಾ ಅಟ್ರಾ ಯೇಗರ್, 1833 ಅಂತಿದೆ. ಇನ್ನೊಂದು ಕಡೆ ಹೊಲೊಥೂರಿಯಾ ಲ್ಯೂಕೋಸ್ಪೈಲೋಟಾ (ಬ್ರಾಂಟ್, 1835) ಅಂತ ಆವರಣದೊಳಗಿದೆ. ಅಚ್ಚಿನ ತಪ್ಪಾ? ಇನ್ನೊಂದು ಕೇಳಬೇಕಿತ್ತು. ಹೊಸ ಪ್ರಭೇದ ಅಂತ ಯಾರಾದರೂ ಹೇಳಿಬಿಡಬಹುದಾ? ಅದಕ್ಕೆ ಏನೇನು ಬರೆಯಬೇಕು? — ಶಿರಸಿಯ ವಿದ್ಯಾರ್ಥಿನಿ

ಉತ್ತರ: ಅಚ್ಚಿನ ತಪ್ಪಲ್ಲ ತಂಗಿ. ಆ ಆವರಣ ಚಿಹ್ನೆಗೆ ದೊಡ್ಡ ಅರ್ಥವಿದೆ. ನೀನು ಅದನ್ನು ಗಮನಿಸಿದ್ದು ನೋಡಿ ತುಂಬ ಖುಷಿಯಾಯಿತು.

ಪ್ರಾಣಿಯ ಹೆಸರಿನ ನಂತರ ಬರುವುದು ಅದನ್ನು ಮೊದಲು ವಿವರಿಸಿದವರ ಹೆಸರು ಮತ್ತು ವರ್ಷ. ಯೇಗರ್ 1833ರಲ್ಲಿ ಸಮುದ್ರ ಸೌತೆಗಳ ಮೇಲೆ ಲ್ಯಾಟಿನ್ನಿನಲ್ಲಿ ಒಂದು ಪ್ರಬಂಧ ಬರೆದರು. ಜ್ಯೂರಿಕ್‌ನಲ್ಲಿ ಅಚ್ಚಾಯಿತು. ಅಟ್ರಾ ಮತ್ತು ಸ್ಕೇಬ್ರಾ ಎರಡನ್ನೂ ಅದರಲ್ಲೇ ಹೆಸರಿಸಿದರು. ಅಟ್ರಾ ಅಂದರೆ ಕಪ್ಪು, ಸ್ಕೇಬ್ರಾ ಅಂದರೆ ಒರಟು. ಅವರು ಅಟ್ರಾವನ್ನು ಹೊಲೊಥೂರಿಯಾ ಕುಲದಲ್ಲಿ ಇಟ್ಟರು, ಇವತ್ತೂ ಅಲ್ಲೇ ಇದೆ. ಹಾಗಾಗಿ ಆವರಣ ಇಲ್ಲ.

ಲ್ಯೂಕೋಸ್ಪೈಲೋಟಾದ ಕಥೆ ಬೇರೆ. 1826ರಿಂದ 1829ರವರೆಗೆ ಸೆನ್ಯಾವಿನ್ ಅನ್ನುವ ರಷ್ಯದ ಹಡಗು ಲೋಕ ಸುತ್ತಿತು. ಅದರಲ್ಲಿ ಮೆರ್ಟೆನ್ಸ್ ಅನ್ನುವ ನಿಸರ್ಗ ತಜ್ಞರಿದ್ದರು. ಅವರು ಹೋದಲ್ಲೆಲ್ಲ ಪ್ರಾಣಿ, ಗಿಡ ಕೂಡಿಸಿದರು. ಊರಿಗೆ ಬಂದ ಮರುವರ್ಷವೇ, 1830ರಲ್ಲಿ, ತೀರಿಕೊಂಡರು. ಆಗ ಅವರಿಗೆ ವಯಸ್ಸು 34. ಅವರು ತಂದ ಪ್ರಾಣಿಗಳನ್ನು ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಬ್ರಾಂಟ್ ಕೂತು ವಿವರಿಸಿದರು. 1835ರಲ್ಲಿ ಪ್ರಕಟಿಸಿದಾಗ ಈ ಪ್ರಾಣಿಯನ್ನು ಸ್ಟೈಕೋಪಸ್ ಕುಲದಲ್ಲಿ ಇಟ್ಟಿದ್ದರು. ಆಮೇಲಿನವರು ಅದನ್ನು ಹೊಲೊಥೂರಿಯಾಕ್ಕೆ ತಂದರು. ಕುಲ ಬದಲಾದರೆ ಮೊದಲು ವಿವರಿಸಿದವರ ಹೆಸರು ಆವರಣದೊಳಗೆ ಹೋಗಬೇಕು. ಅದು ನಿಯಮ. 1958ರಲ್ಲಿ ಎಲಿಜಬೆತ್ ಡೈಕ್ಮನ್ ಈ ಗುಂಪಿಗೆ ಮೆರ್ಟೆನ್ಸಿಯೋಥೂರಿಯಾ ಅಂತ ಹೆಸರಿಟ್ಟರು. ಹಡಗಿನಲ್ಲಿ ಅಲೆದು ಕೂಡಿಸಿದ ಮನುಷ್ಯನ ಹೆಸರು ಹಾಗೆ ಉಳಿಯಿತು.

ಕುಲ ಬದಲಾಯಿಸುವುದು ಮನಸ್ಸಿಗೆ ಬಂದ ಹಾಗಲ್ಲ. ಸ್ಟೈಕೋಪಸ್ ಕುಟುಂಬದ ಪ್ರಾಣಿಗೆ ಜನನಾಂಗದ ಕುಚ್ಚು ಎರಡು ಇರುತ್ತದೆ, ಹೊಲೊಥೂರಿಯಾ ಕುಟುಂಬದಲ್ಲಿ ಒಂದೇ. ಸ್ಟೈಕೋಪಸ್‌ನ ಚರ್ಮದಲ್ಲಿ ಇಂಗ್ಲಿಷ್ ಸಿ ಅಕ್ಷರದಂತೆ ಬಾಗಿದ ಕಣಗಳಿರುತ್ತವೆ, ಹೊಲೊಥೂರಿಯಾದಲ್ಲಿ ಇಲ್ಲ. ಕ್ಯುವಿಯರ್ ನಾಳ ಸ್ಟೈಕೋಪಸ್‌ನಲ್ಲಿ ಇಲ್ಲ. ಹೀಗೆ ಒಳಗೂ ಹೊರಗೂ ನೋಡಿ ನಿರ್ಧಾರ.

ನಿನ್ನ ಪುಸ್ತಕದಲ್ಲಿ ಇವೆಲ್ಲ ಆಸ್ಪಿಡೋಕೈರೋಟಿಡಾ ಅನ್ನುವ ಗಣದಲ್ಲಿವೆ ಅಂತ ಇರಬಹುದು. ನಾನೂ ಹಾಗೇ ಪಾಠ ಮಾಡಿದವಳು. 2017ರಲ್ಲಿ ಮಿಲ್ಲರ್ ಮತ್ತು ಜೊತೆಗಾರರು ಡಿಎನ್‌ಎ ಹೋಲಿಸಿ ಆ ಗಣವನ್ನು ಒಡೆದರು. ಈಗ ಸಮುದ್ರ ಸೌತೆಗಳಿಗೆ ಒಟ್ಟು 7 ಗಣ. ನಿನ್ನ ಅಟ್ರಾ, ಲ್ಯೂಕೋಸ್ಪೈಲೋಟಾ ಎರಡೂ ಹೊಲೊಥೂರಿಡಾ ಗಣದವು. ಪರೀಕ್ಷೆಯಲ್ಲಿ ಪುಸ್ತಕದ್ದನ್ನೇ ಬರಿ, ಪಕ್ಕದಲ್ಲಿ ಹೊಸದನ್ನೂ ಒಂದು ಸಾಲಿನಲ್ಲಿ ಬರಿ.

ಹೊಸ ಪ್ರಭೇದದ ಮಾತು. ನಿಯಮ ಪಾಲಿಸಿ ಪ್ರಕಟಿಸಿದರೆ ಯಾರು ಬೇಕಾದರೂ ಹೆಸರಿಡಬಹುದು. ಪದವಿ ಬೇಕೆಂದಿಲ್ಲ. ಆದರೆ ಕೆಲಸ ಬಹಳ. ಒಂದು ನಿಜವಾದ ಉದಾಹರಣೆ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು.

ಸ್ಕೇಬ್ರಾ ಆಳವಿಲ್ಲದ ನೀರಿನ ಪ್ರಾಣಿ. ಕಡಲ ಹುಲ್ಲು ಬೆಳೆದ ಕೆಸರು ಮರಳಿನಲ್ಲಿ ಇರುತ್ತದೆ. ಬೆನ್ನು ಬೂದು, ಅಡ್ಡ ಸುಕ್ಕುಗಳು, ಹೊಟ್ಟೆ ಬಿಳುಪು. ಚೀನಾದ ಪೇಟೆಯಲ್ಲಿ ಅದಕ್ಕೆ ಬಲು ಬೆಲೆ. ಪೆಸಿಫಿಕ್ ದ್ವೀಪಗಳಲ್ಲಿ ಹಿಡಿಯುವವರು, ಮಾರುವವರು ಮೊದಲಿನಿಂದಲೂ ಎರಡು ಥರ ಇದೆ ಅನ್ನುತ್ತಿದ್ದರು. ಒಂದು ಸಾಮಾನ್ಯದ್ದು. ಇನ್ನೊಂದು ದೊಡ್ಡದು, ಮೈಮೇಲೆ ಕಲೆ, ಒಂದೊಂದಕ್ಕೆ ಒಂದೊಂದು ಬಣ್ಣ. ಸ್ಯಾಂಡ್‌ಫಿಶ್ ಅನ್ನುವುದು ಪೇಟೆಯಲ್ಲಿ ಸ್ಕೇಬ್ರಾದ ಹೆಸರು; ಈ ದೊಡ್ಡದನ್ನು ಚಿನ್ನದ ಸ್ಯಾಂಡ್‌ಫಿಶ್ ಅಂತ ಕರೆದು ಜಾಸ್ತಿ ಬೆಲೆಗೆ ಮಾರುತ್ತಿದ್ದರು. ಶಾಂತಾಲ್ ಕೊನಾಂ ಅನ್ನುವ ವಿಜ್ಞಾನಿ 1986ರಲ್ಲಿ ಅದನ್ನು ಸ್ಕೇಬ್ರಾದ ಒಂದು ಬಗೆ ಅಂತ ಬರೆದು ವರ್ಸಿಕಲರ್ ಅಂದರು. ಅಂದರೆ ಹಲವು ಬಣ್ಣದ್ದು.

ಬಗೆಯೋ, ಬೇರೆ ಪ್ರಭೇದವೋ? 2005ರಲ್ಲಿ ಉಥಿಕೆ, ಪರ್ಸೆಲ್, ಬ್ಲಾಕ್‌ಮನ್ಸ್ ಇವುಗಳ ವಂಶವಾಹಿ ಹೋಲಿಸಿದರು. ಎರಡೂ ಸೇರಿ ಹುಟ್ಟಿದ ಮಿಶ್ರ ತಳಿಗಳೂ ಅಲ್ಲಲ್ಲಿ ಸಿಕ್ಕವು. ಹಾಗಿದ್ದರೂ ಎರಡರ ನಡುವಿನ ಗೆರೆ ಅಳಿಸಿಹೋಗಿರಲಿಲ್ಲ. ಬೇರೆಯಾಗಿಯೇ ಉಳಿದಿದ್ದವು. ಆಮೇಲೆ 2009ರಲ್ಲಿ ಮಾಸಾಂ, ಉಥಿಕೆ, ಪರ್ಸೆಲ್, ರೋವ್, ಸಮಿನ್ ಐವರೂ ಸೇರಿ ಅದನ್ನು ಸರಿಯಾಗಿ ವಿವರಿಸಿದರು. ಹೊಸ ಹೆಸರು ಹೊಲೊಥೂರಿಯಾ ಲೆಸೋನಿ, ಫ್ರೆಂಚ್ ನಿಸರ್ಗ ತಜ್ಞ ಲೆಸೋನ್ ಅವರ ನೆನಪಿಗೆ. ವರ್ಸಿಕಲರ್ ಅನ್ನುವ ಒಳ್ಳೆಯ ಹೆಸರೇ ಇತ್ತಲ್ಲ ಅನ್ನುತ್ತೀಯಾ? 1960ರ ನಂತರ ಬರೀ ಬಗೆ ಅಂತ ಕೊಟ್ಟ ಹೆಸರಿಗೆ ಪ್ರಾಣಿಗಳ ಹೆಸರಿನ ಅಂತರರಾಷ್ಟ್ರೀಯ ನಿಯಮದಲ್ಲಿ ಮಾನ್ಯತೆ ಇಲ್ಲ.

ಯೋಚಿಸಿ ನೋಡು. ಮಾರುವವರಿಗೆ ಗೊತ್ತಿತ್ತು, ಮುಳುಗುವವರಿಗೆ ಗೊತ್ತಿತ್ತು. ಶಾಸ್ತ್ರದ ಪ್ರಕಾರ ಹೆಸರಿಲ್ಲದ ಕಾರಣ ಅದು ಸ್ಕೇಬ್ರಾದ ಲೆಕ್ಕದಲ್ಲೇ ಸೇರುತ್ತಿತ್ತು. ಎಷ್ಟು ಉಳಿದಿದೆ, ಎಷ್ಟು ಹೋಗಿದೆ ಅಂತ ಬೇರೆಯಾಗಿ ಎಣಿಸಬೇಕಾದರೆ ಬೇರೆ ಹೆಸರು ಬೇಕು. ಈಗ ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಎರಡೂ ಬೇರೆ ಬೇರೆಯಾಗಿ ಇವೆ. ಎರಡೂ ಅಳಿವಿನ ಅಂಚಿನವು.

ಬರೆಯಬೇಕಾದದ್ದು ಏನು ಅಂತ ಕೇಳಿದ್ದೀಯಲ್ಲ. ಮೊದಲು ಒಂದು ಮಾದರಿ ಪ್ರಾಣಿ ಬೇಕು. ಅದನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟು, ಅದರ ಸಂಖ್ಯೆ ಬರೆಯಬೇಕು. ಆ ಹೆಸರು ಸದಾ ಆ ಒಂದು ಪ್ರಾಣಿಗೆ ಅಂಟಿಕೊಂಡಿರುತ್ತದೆ. ನಾಳೆ ಯಾರಿಗಾದರೂ ಅನುಮಾನ ಬಂದರೆ ಅಲ್ಲಿ ಹೋಗಿ ಅದನ್ನೇ ನೋಡಬೇಕು. ಎಲ್ಲಿ ಸಿಕ್ಕಿತು, ಎಷ್ಟು ಆಳ, ಎಂಥ ನೆಲ ಅನ್ನುವುದು ಬೇಕು. ಬಾಯಿಯ ಸುತ್ತಲಿನ ಬೆರಳುಗಳು ಎಷ್ಟು, ಅವುಗಳ ತುದಿ ಹೇಗೆ? ನಿನ್ನ ಹೊಲೊಥೂರಿಯಾಕ್ಕೆ ಸಾಮಾನ್ಯವಾಗಿ 20, ತುದಿ ಹೂಕೋಸಿನ ಚೂರಿನಂತೆ. ಇನ್ನೊಂದು ಗಣದಲ್ಲಿ ಮರದ ಕೊಂಬೆಯಂತೆ ಕವಲೊಡೆದಿರುತ್ತದೆ, ಮತ್ತೊಂದರಲ್ಲಿ ಹಕ್ಕಿ ಗರಿಯಂತೆ. ಗಂಟಲಿನ ಸುತ್ತ ಸುಣ್ಣದ ಬಳೆ ಇರುತ್ತದೆ, ಹತ್ತು ತುಂಡು ಸೇರಿ ಆದದ್ದು. ಅದರ ಚಿತ್ರ ಬೇಕು. ಕೊಳವೆಗಾಲುಗಳು, ಅಂದರೆ ಮೈಯಿಂದ ಹೊರಚಾಚುವ ಮೆತ್ತನೆಯ ಪುಟ್ಟ ಕಾಲುಗಳು, ಹೊಟ್ಟೆಯ ಕಡೆ ಹೇಗಿವೆ, ಬೆನ್ನಿನ ಕಡೆ ಹೇಗಿವೆ ಬರಿ. ಕಣಗಳನ್ನು ಬೆನ್ನಿನಿಂದ, ಹೊಟ್ಟೆಯಿಂದ, ಬಾಯಿಬೆರಳಿನಿಂದ, ಕೊಳವೆಗಾಲಿನಿಂದ ಬೇರೆ ಬೇರೆ ತೆಗೆದು ಅಳೆಯಬೇಕು. ಮರಿಯಲ್ಲಿ ಇರುವ ಕಣ ದೊಡ್ಡದರಲ್ಲಿ ಹಾಗೇ ಇರುವುದಿಲ್ಲ. ಒಂದೇ ಗಾತ್ರದ ಪ್ರಾಣಿ ನೋಡಿ ಬರೆದರೆ ಮರಿಯೊಂದು ಪ್ರಭೇದ, ತಾಯಿಯೊಂದು ಪ್ರಭೇದ ಆಗಿಬಿಡುವ ಅಪಾಯವಿದೆ.

ಕೊನೆಯ ಕೆಲಸವೇ ಎಲ್ಲಕ್ಕಿಂತ ಕಷ್ಟದ್ದು. ಇದುವರೆಗೆ ಹೆಸರಿಟ್ಟ ಹತ್ತಿರದ ಪ್ರಭೇದಗಳೆಲ್ಲವನ್ನೂ ಹೋಲಿಸಿ, ಇದು ಅದಲ್ಲ, ಇದು ಅದೂ ಅಲ್ಲ ಅಂತ ಒಂದೊಂದಾಗಿ ತೋರಿಸಬೇಕು. ಲೋಕದಲ್ಲಿ 1,700ಕ್ಕೂ ಹೆಚ್ಚು ಸಮುದ್ರ ಸೌತೆಗಳಿಗೆ ಹೆಸರಿದೆ. ನಮ್ಮ ಕಡಲಿನ ಆಳವಿಲ್ಲದ ನೀರಿನ ಪ್ರಭೇದಗಳ ಬಗ್ಗೆ ಕೋಲರ್ ಮತ್ತು ವಾನಿ 1908ರಲ್ಲೇ ಗ್ರಂಥ ಬರೆದಿದ್ದಾರೆ. ಇನ್ವೆಸ್ಟಿಗೇಟರ್ ಅನ್ನುವ ಸಮೀಕ್ಷೆ ಹಡಗು ಕೂಡಿಸಿದ್ದನ್ನು ನೋಡಿ ಬರೆದದ್ದು. ಅದನ್ನು ಓದದೆ ಮುಂದೆ ಹೋಗುವ ಹಾಗಿಲ್ಲ. ನಿನ್ನ ವಯಸ್ಸಿನಲ್ಲಿ ಮೊದಲು ಹಳೆಯದೊಂದು ಪ್ರಭೇದವನ್ನು ತೆಗೆದುಕೊಂಡು, ಹೊಸದು ಅನ್ನುವ ಹಾಗೆ ಪೂರ್ತಿ ವಿವರಿಸಿ ಅಭ್ಯಾಸ ಮಾಡು. ಕಾಲೇಜಿನ ಮ್ಯೂಸಿಯಮ್ಮಿನ ಹಳೆ ಬಾಟಲಿಯಲ್ಲಿ ಒಂದಾದರೂ ಇದ್ದೇ ಇರುತ್ತದೆ.

ಪ್ರಶ್ನೆ: ಇದಕ್ಕೆ ಅಪ್ಪಟ ಕನ್ನಡದ ಹೆಸರಿಲ್ಲವೇ? ಸೌತೆ ಅನ್ನುವುದು ಇಂಗ್ಲಿಷಿನ ನೆರಳು. ತಮಿಳುನಾಡಿನಲ್ಲಿ ಇದನ್ನು ಕದ್ದು ಸಾಗಿಸುವಾಗ ಹಿಡಿದರು ಅಂತ ಪೇಪರಿನಲ್ಲಿ ಆಗಾಗ ಓದುತ್ತೇನೆ. ಯಾರು ತಿನ್ನುತ್ತಾರೆ ಇದನ್ನು? — ಹುಬ್ಬಳ್ಳಿಯ ಓದುಗರು

ಉತ್ತರ: ಹೆಸರು ಹೊರಗಿನಿಂದ ಬಂದದ್ದು ನಿಜ, ಸರ್. ತಮಿಳಿನಲ್ಲಿ ಕಡಲ್ ಅಟ್ಟೈ ಅನ್ನುತ್ತಾರೆ. ಅಟ್ಟೈ ಅಂದರೆ ಜಿಗಣೆ. ಸ್ಕೇಬ್ರಾಗೆ ವೆಳ್ಳೈ ಅಟ್ಟೈ, ಬಿಳಿ ಜಿಗಣೆ. ಅಲ್ಲಿಯವರಿಗೆ ಇದು ದಿನದ ದುಡಿಮೆಯ ಪ್ರಾಣಿಯಾಗಿತ್ತು, ಹಾಗಾಗಿ ಒಂದೊಂದಕ್ಕೂ ಹೆಸರು ಬಂತು. ನಮ್ಮ ಕರಾವಳಿಯಲ್ಲಿ ಇದರ ವ್ಯಾಪಾರ ಬೆಳೆಯಲಿಲ್ಲ. ಮಳೆಗಾಲದಲ್ಲಿ ನದಿಗಳು ತರುವ ಕೆಸರು ನೀರು, ಉದ್ದನೆಯ ಮರಳು ದಂಡೆ. ಹವಳ ಅಂದರೆ ಮುರುಡೇಶ್ವರದಾಚೆಯ ನೇತ್ರಾಣಿಯಂಥ ಕಡೆ ಮಾತ್ರ. ಭಾರತದಲ್ಲಿ ಇದರ ದೊಡ್ಡ ನೆಲೆಗಳು ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಅಂಡಮಾನ್ ನಿಕೋಬಾರ್, ಲಕ್ಷದ್ವೀಪ, ಕಚ್ ಕೊಲ್ಲಿ. ಸೌತೆ ಅನ್ನುವ ಹೆಸರಿನ ಬಗ್ಗೆ ನನಗೆ ತಕರಾರಿಲ್ಲ. ಒಂದು ಮಾತ್ರ ಹೇಳುತ್ತೇನೆ: ಅಡುಗೆಮನೆಯ ಸೌತೆಕಾಯಿಯನ್ನು ಅಡ್ಡ ಕತ್ತರಿಸಿದರೆ ಮೂರು ಭಾಗ ಕಾಣುತ್ತದೆ. ಈ ಪ್ರಾಣಿಯ ಮೈ ನಕ್ಷತ್ರಮೀನಿನ ಹಾಗೆ ಐದು ಪಾಲು. ಮಗ್ಗುಲಾಗಿ ಮಲಗಿದ್ದರಿಂದ ಮೂರು ಪಾಲು ಕೆಳಗೆ, ಎರಡು ಮೇಲೆ.

ತಿನ್ನುವವರು ಹೆಚ್ಚಾಗಿ ಚೀನಾ ಮತ್ತು ಪೂರ್ವ ಏಷ್ಯದವರು. ಅಲ್ಲಿ ಇದು ಹಬ್ಬದ ಊಟಕ್ಕೂ ಔಷಧಿಗೂ ಬೇಕು. ನಮ್ಮಲ್ಲಿ 2001ರಿಂದ ಎಲ್ಲ ಸಮುದ್ರ ಸೌತೆಗಳಿಗೂ ವನ್ಯಜೀವಿ ರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿಯುವುದು, ಇಟ್ಟುಕೊಳ್ಳುವುದು, ಮಾರುವುದು ಅಪರಾಧ. ಪಕ್ಕದ ಶ್ರೀಲಂಕಾದಲ್ಲಿ ಪರವಾನಗಿ ಪಡೆದು ವ್ಯಾಪಾರ ಮಾಡಬಹುದು. ಹಾಗಾಗಿ ಆ ಕಡೆಗೆ ದೋಣಿಯಲ್ಲಿ ಸಾಗಿಸುತ್ತಾರೆ. ತೂತುಕುಡಿಯಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ಡಿ.ಬಿ. ಜೇಮ್ಸ್ ಮತ್ತು ಜೊತೆಯವರು 1988ರಲ್ಲೇ ಸ್ಕೇಬ್ರಾದ ಮರಿಗಳನ್ನು ತೊಟ್ಟಿಯಲ್ಲಿ ಹುಟ್ಟಿಸಿ ತೋರಿಸಿದ್ದರು. ನಾನು ಮಂಡಪಂಗೆ ಹೋಗುವ ಹೊತ್ತಿಗೆ ಎಲ್ಲರ ಬಾಯಲ್ಲೂ ಅದೇ ಮಾತು. ಮುಳುಗಿ ಹಿಡಿದು ಬದುಕುತ್ತಿದ್ದ ಆ ಮನೆಗಳ ಕಷ್ಟವನ್ನು ನಾನು ಕಂಡಿದ್ದೇನೆ. ನಿಷೇಧ ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ. ಆದರೆ ಸಾಕಣೆಯ ದಾರಿಯನ್ನು ಅವರಿಗೆ ಬೇಗ ಕೊಡಬೇಕಿತ್ತು ಅನ್ನುವುದೂ ನನ್ನ ಅಭಿಪ್ರಾಯವೇ.

ಪ್ರಶ್ನೆ: ಮೇಡಂ, ನಮ್ಮ ಕಾಲೇಜಿನಿಂದ ಮಕ್ಕಳನ್ನು ಲಕ್ಷದ್ವೀಪಕ್ಕೆ ಕರೆದೊಯ್ಯುತ್ತಿದ್ದೇವೆ. ಕಣಗಳನ್ನು ತೋರಿಸಲು ಒಂದೇ ಒಂದು ಸಮುದ್ರ ಸೌತೆ, ಇಲ್ಲದಿದ್ದರೆ ಚರ್ಮದ ಚಿಕ್ಕ ಚೂರು ತರಬಹುದಾ? — ಮಂಗಳೂರಿನ ಉಪನ್ಯಾಸಕರು

ಉತ್ತರ: ಬೇಡ. ಚೂರೂ ಬೇಡ. ಕಾಯ್ದೆಗೆ ಇಡೀ ಪ್ರಾಣಿಯೂ ಒಂದೇ, ಅದರ ತುಂಡೂ ಒಂದೇ. ಸಂಶೋಧನೆಗೆ ಬೇಕಾದರೆ ಮೊದಲೇ ಲಿಖಿತ ಅನುಮತಿ ಪಡೆಯಬೇಕು. ಕಣಗಳನ್ನು ತೋರಿಸಲು ಕಾಲೇಜಿನ ಹಳೆ ಸಂಗ್ರಹದ ಸ್ಲೈಡ್ ಸಾಕು. ಲಕ್ಷದ್ವೀಪದ ಆಡಳಿತ 2020ರಲ್ಲಿ ಚೆರಿಯಪಾನಿಯಲ್ಲಿ ಸಮುದ್ರ ಸೌತೆಗಳಿಗೆ ಅಂತಲೇ ಸಂರಕ್ಷಿತ ಪ್ರದೇಶ ಮಾಡಿದೆ. ಮಕ್ಕಳಿಗೆ ಅದನ್ನು ಹೊರಡುವ ಮೊದಲೇ ಹೇಳಿ.

ತರಬೇಕಾದದ್ದು ಫೋಟೋ ಮತ್ತು ಟಿಪ್ಪಣಿ. ಪ್ರಾಣಿಯನ್ನು ಎತ್ತಬೇಡಿ, ತಿರುಗಿಸಬೇಡಿ. ಹೆದರಿದರೆ ಕೆಲವು ಕರುಳನ್ನೇ ಹೊರಗೆ ಹಾಕಿಬಿಡುತ್ತವೆ. ಮೇಲಿನಿಂದ ಒಂದು, ಬಾಯಿಯ ಕಡೆಯಿಂದ ಒಂದು, ಹಿಂಬದಿಯಿಂದ ಒಂದು ಫೋಟೋ ತೆಗೆಯಿರಿ. ಹಿಂಬದಿಯದ್ದು ಯಾಕೆ ಅಂದರೆ ಇದು ಉಸಿರಾಡುವುದು ಅಲ್ಲಿಂದಲೇ. ತೂತು ತೆರೆದಾಗ ಅಂಚಿನಲ್ಲಿ ಐದು ಬಿಳಿ ಹಲ್ಲು ಕಂಡರೆ ಅದು ಆಕ್ಟಿನೋಪೈಗಾ ಕುಲ, ಹೊಲೊಥೂರಿಯಾ ಅಲ್ಲ. ಪಕ್ಕದಲ್ಲಿ ಪೆನ್ ಇಟ್ಟು ಅಳತೆ ಸಿಗುವ ಹಾಗೆ ನೋಡಿಕೊಳ್ಳಿ. ನೀರು ಎಷ್ಟು ಆಳ, ಕೆಳಗೆ ಮರಳೋ ಹುಲ್ಲೋ ಕಲ್ಲೋ, ಮೈಮೇಲೆ ಮರಳಿದೆಯೋ, ಹೊತ್ತು ಎಷ್ಟು ಅಂತ ಅಲ್ಲೇ ನಿಂತು ಪೆನ್ಸಿಲಿನಲ್ಲಿ ಬರೆಸಿ. ಇಂಕು ಅಳಿಸಿಹೋಗುತ್ತದೆ. ಮತ್ತೆ, ಸಂಜೆಯ ಇಳಿತ ಸಿಕ್ಕರೆ ಬಿಡಬೇಡಿ. ಹಗಲು ಕಲ್ಲಿನಡಿ, ಮರಳಿನಡಿ ಇದ್ದವು ಎಷ್ಟೋ ಆಗ ಹೊರಗೆ ಬರುತ್ತವೆ. ಒಂದು ಟಾರ್ಚ್ ಜಾಸ್ತಿ ಇಟ್ಟುಕೊಳ್ಳಿ.